ಹಿರೋಶಿಮಾವನ್ನು ಕೈಬಿಟ್ಟ ಪ್ರೇಮಕಥೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಯುದ್ಧಕಾಲದ ಪ್ರೇಮಚಿತ್ರಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. 1996ರಲ್ಲಿ ತೆರೆಕಂಡ 'ದಿ ಇಂಗ್ಲಿಷ್ ಪೇಶೆಂಟ್' ಚಿತ್ರಕ್ಕೆ ಅದರಲ್ಲಿ ಅರ್ಧ ಪುಟವೇ ಸಂದಿರುವುದನ್ನೂ, ಮರುಭೂಮಿಯ ಆ ದೃಶ್ಯಗಳನ್ನು ಲೇಖಕರು ಅಷ್ಟು ಅಕ್ಕರೆಯಿಂದ ನೆನೆದಿರುವುದನ್ನೂ ಕಂಡು ಸಂತೋಷವಾಯಿತು. ಆದರೆ ಅವರು ಅಲ್ಲಿ ಎರಡು ಮಾತುಗಳನ್ನು ಹೇಳಿದ್ದಾರೆ. ಈ ಕಥೆಯಲ್ಲಿ ಯುದ್ಧವೆಂಬುದು ಪ್ರೇಮಕ್ಕೆ ಕಟ್ಟಿದ ಹಿನ್ನೆಲೆಯ ಪರದೆ ಮಾತ್ರ ಎಂಬುದು ಒಂದು. ಚಿತ್ರವು ಮೂಲ ಕಾದಂಬರಿಗೆ ಸಂಪೂರ್ಣ ನಿಷ್ಠವಾಗಿದೆ ಎಂಬುದು ಇನ್ನೊಂದು. ಮೊದಲನೆಯ ಮಾತು ಚಿತ್ರದ ಮಟ್ಟಿಗೆ ಬಹುಪಾಲು ನಿಜ. ಅದು ನಿಜವಾಗಿರುವುದರಿಂದಲೇ ಎರಡನೆಯದು ನಿಜವಾಗಲಾರದು. ಇಷ್ಟನ್ನು ವಿವರಿಸಲು ಈ ಪತ್ರ. ತುಸು ದೀರ್ಘವಾದರೆ ಮನ್ನಿಸಬೇಕು.

ಚಿತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆಂಟನಿ ಮಿಂಗೆಲ್ಲಾ ನಿರ್ದೇಶಿಸಿದ ಈ ಚಿತ್ರ 1997ರ ಮಾರ್ಚಿನಲ್ಲಿ ಒಂಬತ್ತು ಆಸ್ಕರ್ ಪ್ರಶಸ್ತಿಗಳನ್ನು ಗೆದ್ದಾಗ, ಹನ್ನೆರಡು ನಾಮನಿರ್ದೇಶನಗಳಲ್ಲಿ ಒಂಬತ್ತು ಕೈಗೂಡಿದ್ದರ ಬಗ್ಗೆ ನಮ್ಮ ಪತ್ರಿಕೆಗಳೂ ಬರೆದಿದ್ದವು. ಆ ವರ್ಷವೇ ಬೆಂಗಳೂರಿನ ದಂಡುಪ್ರದೇಶದ ಒಂದು ಚಿತ್ರಮಂದಿರದಲ್ಲಿ ನಾನು ಅದನ್ನು ನೋಡಿದ್ದು. ಕಾಗದದ ಮೇಲೆ ಒಂದು ಕುಂಚ ಈಜುವ ಮನುಷ್ಯಾಕೃತಿಯನ್ನು ಬರೆಯುತ್ತಾ ಹೋಗಿ, ಆ ಕಾಗದವೇ ಮರಳಿನ ದಿಬ್ಬಗಳಾಗಿ ಕರಗಿ, ಆ ದಿಬ್ಬಗಳ ಮೇಲೆ ಹಳೆಯ ಕಾಲದ ವಿಮಾನವೊಂದು ತೇಲಿಬರುವ ಆ ಆರಂಭವನ್ನು ಈಗಲೂ ಕಣ್ಣುಮುಚ್ಚಿ ನೆನೆಯಬಲ್ಲೆ. ಜಾನ್ ಸೀಲ್ ಅವರ ಛಾಯಾಗ್ರಹಣ, ಗೇಬ್ರಿಯಲ್ ಯಾರೆಡ್ ಅವರ ಸಂಗೀತ, ಎರಡು ಕಾಲಗಳನ್ನು ಹೊಲಿಗೆ ಕಾಣದಂತೆ ಜೋಡಿಸಿದ ವಾಲ್ಟರ್ ಮರ್ಚ್ ಅವರ ಸಂಕಲನ, ಇವುಗಳ ಬಗ್ಗೆ ತಮ್ಮ ಲೇಖಕರು ಬರೆದ ಒಂದೊಂದು ಸಾಲಿಗೂ ನನ್ನ ಸಹಮತವಿದೆ. ರೇಫ್ ಫೈನ್ಸ್ ಮತ್ತು ಕ್ರಿಸ್ಟಿನ್ ಸ್ಕಾಟ್ ಥಾಮಸ್ ಅವರ ನಡುವಿನ ಮೌನಗಳನ್ನು ಕುರಿತೂ ಹಾಗೆಯೇ. ಆ ದಿನ ಚಿತ್ರಮಂದಿರದಿಂದ ಹೊರಬಂದಾಗ ನನ್ನ ಕಣ್ಣೂ ಒದ್ದೆಯಾಗಿತ್ತು.

ತೊಡಕು ಶುರುವಾದದ್ದು ಆಮೇಲೆ, ಕಾದಂಬರಿಯನ್ನು ಓದಿದಾಗ. ಕೊಲಂಬೊದಲ್ಲಿ 1943ರಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಮೈಕೆಲ್ ಒಂಡಾಟ್ಜೆಯವರು 1992ರಲ್ಲಿ ಪ್ರಕಟಿಸಿದ ಈ ಕೃತಿ ಅದೇ ವರ್ಷದ ಬುಕರ್ ಪ್ರಶಸ್ತಿಯನ್ನು ಇನ್ನೊಂದು ಕಾದಂಬರಿಯೊಡನೆ ಹಂಚಿಕೊಂಡಿತು. 2018ರಲ್ಲಿ ಬುಕರ್‌ಗೆ ಐವತ್ತು ತುಂಬಿದಾಗ ಓದುಗರ ಮತದಿಂದ ಗೋಲ್ಡನ್ ಬುಕರ್ ಕೂಡ ಇದಕ್ಕೇ ಸಂದಿತು. ಇಟಲಿಯಲ್ಲಿ, ಫ್ಲಾರೆನ್ಸ್ ನಗರದ ಉತ್ತರದ ಗುಡ್ಡಗಳಲ್ಲಿ, ಬಾಂಬಿಗೆ ಒಡೆದುಹೋದ ಒಂದು ಹಳೆಯ ಬಂಗಲೆ. ಅಲ್ಲಿ 1945ರ ಹೊತ್ತಿಗೆ ನಾಲ್ವರು ಸೇರುತ್ತಾರೆ: ಮೈಯೆಲ್ಲ ಸುಟ್ಟು ಗುರುತೇ ಸಿಗದಂತಾದ ರೋಗಿ, ಅವನನ್ನು ಬಿಟ್ಟುಹೋಗಲಾರದ ಕೆನಡಾದ ನರ್ಸ್ ಹಾನಾ, ಹೆಬ್ಬೆರಳುಗಳನ್ನು ಕಳೆದುಕೊಂಡ ಕಳ್ಳ ಹಾಗೂ ಗೂಢಚಾರ ಕಾರವಾಜಿಯೊ, ಮತ್ತು ಜರ್ಮನರು ಹಿಮ್ಮೆಟ್ಟುವಾಗ ಹುದುಗಿಸಿಟ್ಟು ಹೋದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ಸಿಖ್ ತರುಣ ಕಿರ್ಪಾಲ್ ಸಿಂಗ್. ಚಿತ್ರದಲ್ಲಿ ರೋಗಿಯ ನೆನಪಿನ ಪ್ರೇಮಕಥೆಯೇ ಮರ, ಉಳಿದ ಮೂವರು ಅದರ ಕೊಂಬೆಗಳು. ಕಾದಂಬರಿಯಲ್ಲಿ ಹಾಗಿಲ್ಲ. ಅಲ್ಲಿ ನಾಲ್ವರ ಕಥೆಗೂ ತೂಕವಿದೆ. ಪುಸ್ತಕ ಮುಂದೆ ಸಾಗಿದಂತೆ ತಕ್ಕಡಿ ನಿಧಾನವಾಗಿ ಕಿರ್ಪಾಲ್ ಸಿಂಗನ ಕಡೆಗೆ ವಾಲುತ್ತದೆ.

ಆ ತರುಣನ ಕಥೆಯನ್ನು ಒಂಡಾಟ್ಜೆ ಎಷ್ಟು ಸಾವಧಾನದಿಂದ ಕಟ್ಟುತ್ತಾರೆಂಬುದನ್ನು ಚಿತ್ರ ಮಾತ್ರ ನೋಡಿದವರು ಊಹಿಸಲಾರರು. ಅವನ ಮನೆತನದ ರೂಢಿಯಂತೆ ಹಿರಿಯ ಮಗ ಸೈನ್ಯಕ್ಕೆ ಸೇರಬೇಕು, ಎರಡನೆಯವನು ವೈದ್ಯನಾಗಬೇಕು. ಆದರೆ ಅಣ್ಣ ಇಂಗ್ಲಿಷರ ಪರವಾಗಿ ಬಂದೂಕು ಹಿಡಿಯಲು ಒಪ್ಪದೆ ಜೈಲು ಸೇರುತ್ತಾನೆ. ಅಣ್ಣನ ಜಾಗಕ್ಕೆ ತಮ್ಮ ಹೋಗುತ್ತಾನೆ. ಇಂಗ್ಲೆಂಡಿನಲ್ಲಿ ಅವನಿಗೆ ಬಾಂಬುಗಳ ವಿದ್ಯೆ ಕಲಿಸುವವರು ಲಾರ್ಡ್ ಸಫೋಕ್. ಇವರು ಕಲ್ಪಿತ ವ್ಯಕ್ತಿಯಲ್ಲ. ಸಫೋಕ್‌ನ ಇಪ್ಪತ್ತನೆಯ ಅರ್ಲ್ ಆಗಿದ್ದ ಚಾರ್ಲ್ಸ್ ಹೊವಾರ್ಡ್, 1941ರ ಮೇ ತಿಂಗಳಲ್ಲಿ ಲಂಡನ್ನಿನ ಅಂಚಿನ ಎರಿತ್ ಜೌಗುಪ್ರದೇಶದಲ್ಲಿ ಬಾಂಬೊಂದನ್ನು ಬಿಚ್ಚುವಾಗ ತಮ್ಮ ಸಹಾಯಕರೊಡನೆ ಸತ್ತು, ಮರಣಾನಂತರ ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ ಪಡೆದವರು. ಕಾದಂಬರಿಯ ಕಿರ್ಪಾಲ್ ಸಿಂಗ್ ಈ ಗುರುವನ್ನು ತಂದೆಯಂತೆ ಪ್ರೀತಿಸುತ್ತಾನೆ, ಅವರ ಮೂಲಕ ಇಂಗ್ಲೆಂಡನ್ನೂ ಪ್ರೀತಿಸುತ್ತಾನೆ. ಅಲ್ಲಿಯ ಅಧಿಕಾರಿಗಳು ತಮಾಷೆಗೆಂದು ಇಟ್ಟ 'ಕಿಪ್' ಎಂಬ, 'ಕಿಪರ್' ಎನ್ನುವ ಉಪ್ಪುಮೀನಿನ ವಾಸನೆಯ ಹೆಸರಿಗೆ ಓಗೊಡುತ್ತಾನೆ. ಚಿತ್ರದಲ್ಲಿ ಸಫೋಕ್ ಇಲ್ಲವೇ ಇಲ್ಲ, ಅಣ್ಣನೂ ಇಲ್ಲ. ಎರಡೂವರೆ ಗಂಟೆ ಮೀರಿದ ಚಿತ್ರದಲ್ಲಿ ಇವಕ್ಕೆ ಸಮಯ ಸಿಗಲಿಲ್ಲವೆಂದರೆ ಒಪ್ಪೋಣ.

ಒಪ್ಪಲಾಗದ್ದು ಕೊನೆ. ಕಾದಂಬರಿಯಲ್ಲಿ 1945ರ ಆಗಸ್ಟ್ ತಿಂಗಳ ಒಂದು ದಿನ, ಬಂಗಲೆಯ ಕೆಳಗಿನ ಹೊಲದಲ್ಲಿದ್ದ ಕಿರ್ಪಾಲ್ ಸಿಂಗನ ಕಿವಿಗೆ ಹೆಡ್‌ಫೋನಿನ ಮೂಲಕ ಜಪಾನಿನ ಮೇಲೆ ಅಣುಬಾಂಬ್ ಬಿದ್ದ ಸುದ್ದಿ ಬೀಳುತ್ತದೆ. ಇಷ್ಟು ವರ್ಷ ಯೂರೋಪಿನ ಮಣ್ಣಿನಿಂದ ಒಂದೊಂದೇ ಬಾಂಬನ್ನು ಉಸಿರು ಬಿಗಿಹಿಡಿದು ಬಿಚ್ಚಿ, ಆ ಖಂಡದ ಚರ್ಚುಗಳನ್ನೂ ಸೇತುವೆಗಳನ್ನೂ ಜನರನ್ನೂ ಉಳಿಸಿದ ಮನುಷ್ಯನಿಗೆ, ಯಾರೂ ಬಿಚ್ಚಲಾಗದ ಬಾಂಬೊಂದು ಏಷ್ಯಾದ ನಗರದ ಮೇಲೆ ಬಿದ್ದಿದೆಯೆಂಬ ಸುದ್ದಿ ಏನು ಮಾಡಬಹುದೋ ಅದನ್ನೇ ಮಾಡುತ್ತದೆ. ಅವನು ಬಂದೂಕು ಹಿಡಿದು ಮೆಟ್ಟಿಲೇರಿ ಹೋಗಿ ಹಾಸಿಗೆಯಲ್ಲಿರುವ ರೋಗಿಗೆ ಗುರಿಯಿಡುತ್ತಾನೆ. ಆತ ಇಂಗ್ಲಿಷಿನವನೇ ಅಲ್ಲವೆಂದು ಕಾರವಾಜಿಯೊ ಕೂಗಿ ಹೇಳಿದರೂ ಅವನಿಗೆ ಅದು ಮುಖ್ಯವಾಗುವುದಿಲ್ಲ; ಕಂದು ಬಣ್ಣದ ಜನರ ಮೇಲೆ ಬಾಂಬ್ ಹಾಕುವವರು ಯಾವ ದೇಶದವರಾದರೂ ಅವನ ಪಾಲಿಗೆ ಆಗ ಇಂಗ್ಲಿಷರೇ. ಇಂಥ ಬಾಂಬನ್ನು ಬಿಳಿಯರ ದೇಶದ ಮೇಲೆ ಹಾಕುತ್ತಿರಲಿಲ್ಲವೆಂಬ ಅವನ ಮಾತು ಸರಿಯೆಂದು ಕಾರವಾಜಿಯೊನಿಗೂ ಮನಸ್ಸಿನಲ್ಲಿ ಹೊಳೆಯುತ್ತದೆ. ಅವನು ಗುಂಡು ಹಾರಿಸುವುದಿಲ್ಲ. ಸೈನ್ಯದ ಗುರುತುಗಳನ್ನೆಲ್ಲ ಕಳಚಿಟ್ಟು, ತಾನು ಪ್ರೀತಿಸಿದ ಹಾನಾಳನ್ನೂ ಬಿಟ್ಟು, ಮೋಟಾರ್ ಸೈಕಲ್ ಹತ್ತಿ ದಕ್ಷಿಣಕ್ಕೆ ಹೊರಟುಬಿಡುತ್ತಾನೆ. 'ಕಿಪ್' ಅಲ್ಲಿಗೆ ಮುಗಿಯುತ್ತಾನೆ. ಪುಸ್ತಕದ ಕೊನೆಯ ಪುಟದಲ್ಲಿ, ವರ್ಷಗಳಾದ ಮೇಲೆ, ಭಾರತದಲ್ಲಿ ಹೆಂಡತಿ ಮಕ್ಕಳೊಡನೆ ಊಟಕ್ಕೆ ಕುಳಿತ ವೈದ್ಯ ಕಿರ್ಪಾಲ್ ಸಿಂಗ್ ನಮಗೆ ಕಾಣುತ್ತಾನೆ.

ಚಿತ್ರ ಇದನ್ನು ಏನು ಮಾಡಿತು? ಮೊದಲನೆಯದಾಗಿ, ಕಾಲವನ್ನೇ ಹಿಂದಕ್ಕೆ ಸರಿಸಿತು. ಚಿತ್ರದ ಬಿಕ್ಕಟ್ಟು ಬರುವುದು ಮೇ ತಿಂಗಳಲ್ಲಿ, ಯೂರೋಪಿನಲ್ಲಿ ಯುದ್ಧ ಮುಗಿದ ಸಂಭ್ರಮದ ದಿನ. ಊರ ಚೌಕದ ಪ್ರತಿಮೆಯ ಮೇಲೆ ಬಾವುಟ ಕಟ್ಟಲು ಹತ್ತಿದ ಹಾರ್ಡಿಯೆಂಬ ಇಂಗ್ಲಿಷ್ ಸಾರ್ಜೆಂಟ್, ಅಲ್ಲಿ ಅಡಗಿಸಿಟ್ಟಿದ್ದ ಸ್ಫೋಟಕಕ್ಕೆ ಬಲಿಯಾಗುತ್ತಾನೆ. ಕಿಪ್ ಮಾತು ಬಿಟ್ಟು ಕೂರುತ್ತಾನೆ. ಆಮೇಲೆ ಹಾನಾಳಿಗೆ, ಇಂಗ್ಲೆಂಡಿನ ಒಳ್ಳೆಯತನವೆಲ್ಲ ಆ ರೋಗಿಯಲ್ಲಿ ಮತ್ತು ಹಾರ್ಡಿಯಲ್ಲಿ ಇತ್ತು ಎಂಬರ್ಥದ ಮಾತನ್ನು ಹೇಳುತ್ತಾನೆ. ಎಲ್ಲಿಂದ ಎಲ್ಲಿಗೆ ಬಂದೆವು ನೋಡಿ. ಕಾದಂಬರಿಯಲ್ಲಿ ಯಾರ ಎದೆಗೆ ಬಂದೂಕಿನ ಗುರಿಯಿಟ್ಟನೋ, ಚಿತ್ರದಲ್ಲಿ ಅವನನ್ನೇ ಇಂಗ್ಲಿಷ್ ಸದ್ಗುಣದ ಮಾದರಿಯೆಂದು ಕೊಂಡಾಡುತ್ತಾನೆ! ಒಂದು ನಾಗರಿಕತೆಯನ್ನು ಕುರಿತ ಕೋಪ ಒಬ್ಬ ಗೆಳೆಯನ ಸಾವಿನ ದುಃಖವಾಗಿ ಇಳಿಯಿತು. ದುಃಖ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಆ ದುಃಖಕ್ಕೆ ಉತ್ತರ ಕೊಡಬೇಕಾದವರು ಯಾರೂ ಇಲ್ಲ. ಆ ಕೋಪಕ್ಕೆ ಇದ್ದರು. ಹಿರೋಶಿಮಾದ ಹೆಸರು ಚಿತ್ರದಲ್ಲಿ ಬರುವುದೇ ಇಲ್ಲ.

ನ್ಯಾಯ ತಪ್ಪಬಾರದಲ್ಲ, ಆದ್ದರಿಂದ ಇದನ್ನೂ ಹೇಳಬೇಕು: ಮಿಂಗೆಲ್ಲಾ ಈ ಪಾತ್ರದ ಧ್ವನಿಯನ್ನು ಪೂರ್ತಿ ಅಡಗಿಸಲಿಲ್ಲ. ರೋಗಿಗೆ ಕಿಪ್ಲಿಂಗನ ಕಾದಂಬರಿಯನ್ನು ಓದಿಹೇಳುವ ದೃಶ್ಯದಲ್ಲಿ, ಲಾಹೋರಿನ ವಸ್ತುಸಂಗ್ರಹಾಲಯದ ಮುಂದಿರುವ ಜಮ್‌ಜಮಾ ಫಿರಂಗಿಯ ಪ್ರಸ್ತಾಪ ಬಂದಾಗ, ಆ ಫಿರಂಗಿಯನ್ನು ಊರಿನ ಮನೆಮನೆಯ ಬಟ್ಟಲು ಪಾತ್ರೆಗಳನ್ನು ಕರಗಿಸಿ ಎರಕ ಹೊಯ್ದದ್ದೆಂದೂ, ಆಮೇಲೆ ಅದನ್ನು ತನ್ನ ಜನರ ಮೇಲೆಯೇ ಹಾರಿಸಿದರೆಂದೂ ಅವನು ತಣ್ಣಗೆ ಹೇಳುತ್ತಾನೆ. ವಾಕ್ಯದ ಅಲ್ಪವಿರಾಮಗಳನ್ನೇ ಎತ್ತಿ ಆಡಿ ಚುಚ್ಚುವ ಆ ಮಾತಿನಲ್ಲಿ ನವೀನ್ ಆಂಡ್ರ್ಯೂಸ್ ಅವರ ನಟನೆ ಬಹಳ ಚೆನ್ನಾಗಿದೆ. ಹಾಗೆಯೇ ಅರೆಜ್ಜೊದ ಸ್ಯಾನ್ ಫ್ರಾನ್ಸೆಸ್ಕೊ ಚರ್ಚಿನ ದೃಶ್ಯ. ಹಾನಾಳ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆತ್ತಿ, ಕೈಯಲ್ಲಿನ ಬೆಳಕಿನಲ್ಲಿ ಪಿಯೆರೊ ಡೆಲ್ಲಾ ಫ್ರಾನ್ಸೆಸ್ಕಾನ ಭಿತ್ತಿಚಿತ್ರಗಳ ಮುಂದೆ ಅವಳು ಉಯ್ಯಾಲೆಯಾಡುವಂತೆ ಮಾಡುವ ಆ ದೃಶ್ಯಕ್ಕೆ ಮನಸೋಲದವರಿಲ್ಲ. ಕಾದಂಬರಿಯಲ್ಲಿ ಹಾಗೆ ಅವನು ಮೇಲೆತ್ತುವುದು ಹಾನಾಳನ್ನಲ್ಲ, ಮಧ್ಯಯುಗದ ಇತಿಹಾಸ ಬಲ್ಲ ಒಬ್ಬ ವಯಸ್ಸಾದ ವಿದ್ವಾಂಸನನ್ನು. ಪ್ರೇಮಿಗೆ ಬದಲಾಯಿಸಿದ್ದರಿಂದ ದೃಶ್ಯ ಇನ್ನಷ್ಟು ಸೊಗಸಾಯಿತು, ನಿಜ. ಆದರೆ ಇಡೀ ಚಿತ್ರದ ಒಲವು ಯಾವ ಕಡೆಗೆ ಎಂಬುದಕ್ಕೆ ಇದೇ ಸಾಕ್ಷಿ. ಯುದ್ಧಕ್ಕೆ ಸೇರಿದ್ದನ್ನೆಲ್ಲ ಒಂದೊಂದಾಗಿ ಪ್ರೇಮದ ಖಾತೆಗೆ ಬರೆಯಲಾಗಿದೆ.

ಆ ಸುಟ್ಟ ರೋಗಿಯೇ ಆದ ನಾಯಕ ಅಲ್ಮಾಶಿಯ ವಿಷಯದಲ್ಲೂ ಹೀಗೇ ಆಗಿದೆ. ಲೇಖನದಲ್ಲಿ ಇದನ್ನು 'ನಿಜಜೀವನದ ಪ್ರೇಮಕಥೆ' ಎಂದು ಕರೆಯಲಾಗಿದೆ, ಅದನ್ನು ತಿದ್ದುವುದು ಅಗತ್ಯ. ಲಾಸ್ಲೊ ಅಲ್ಮಾಶಿ ಎಂಬ ಹಂಗೇರಿಯ ಅನ್ವೇಷಕ ಇದ್ದದ್ದು ಸತ್ಯ. ಈಜಿಪ್ಟಿನ ನೈರುತ್ಯ ಮೂಲೆಯ ಗಿಲ್ಫ್ ಕೆಬೀರ್ ಪ್ರಸ್ಥಭೂಮಿಯಲ್ಲಿ, ಈಜುವವರ ಚಿತ್ರಗಳಿರುವ ಗುಹೆಯನ್ನು 1933ರಲ್ಲಿ ಅವನು ಕಂಡದ್ದೂ ಸತ್ಯ. ಆದರೆ ಅವನು ಸುಟ್ಟು ಸಾಯಲಿಲ್ಲ. ಯುದ್ಧ ಮುಗಿದು ಆರು ವರ್ಷಗಳಾದ ಮೇಲೆ, 1951ರಲ್ಲಿ, ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡ. 1942ರಲ್ಲಿ ಅವನು ಜರ್ಮನ್ ಸೇನೆಯ ಅಧಿಕಾರಿಯಾಗಿ ಇಬ್ಬರು ಜರ್ಮನ್ ಗೂಢಚಾರರನ್ನು ಮರುಭೂಮಿ ದಾಟಿಸಿ ಈಜಿಪ್ಟಿಗೆ ತಲುಪಿಸಿದ್ದು ಗುಹೆಯಲ್ಲಿ ಕಾಯುತ್ತಿದ್ದ ಪ್ರೇಯಸಿಗಾಗಿಯಲ್ಲ. ಆ ಪ್ರೇಯಸಿ ಕ್ಯಾಥರೀನಳ ಕಥೆ ಒಂಡಾಟ್ಜೆಯವರ ಕಲ್ಪನೆ. ಕಲ್ಪನೆಗೆ ಕಾದಂಬರಿಕಾರನಿಗೆ ಹಕ್ಕಿದೆ, ಅದನ್ನು ಅವರು ಮುಚ್ಚಿಟ್ಟಿಲ್ಲ ಕೂಡ. ಆದರೆ ಚಿತ್ರ ಬಂದ ವರ್ಷವೇ, ಹಿಂದೆ ಈಜಿಪ್ಟಿನಲ್ಲಿದ್ದ ಹಂಗೇರಿಯ ರಾಜತಾಂತ್ರಿಕರೊಬ್ಬರ ಮಗಳು ಅಮೆರಿಕದ ಪತ್ರಿಕೆಯೊಂದರಲ್ಲಿ, ನಾಜಿಗಳಿಗೆ ನೆರವಾದವನನ್ನು ಈ ಚಿತ್ರ ಪ್ರೇಮದ ಹೆಸರಿನಲ್ಲಿ ತೊಳೆದು ಬಿಳಿ ಮಾಡಿದೆಯೆಂದು ಆಕ್ಷೇಪಿಸಿದ್ದರು. ಪ್ರೇಯಸಿಯನ್ನು ಉಳಿಸಲು ಶತ್ರುವಿಗೆ ಭೂಪಟಗಳನ್ನು ಕೊಟ್ಟವನನ್ನು ಕ್ಷಮಿಸಲು ಚಿತ್ರ ನಮ್ಮನ್ನು ಎಷ್ಟು ಮೃದುವಾಗಿ ಸಿದ್ಧಗೊಳಿಸುತ್ತದೆಂದರೆ, ಆ ಭೂಪಟಗಳಿಂದ ಸತ್ತವರ ಲೆಕ್ಕವನ್ನು ಕಾರವಾಜಿಯೊ ಎತ್ತಿದಾಗ ನಮಗೆ ಅವನೇ ಒರಟನಂತೆ ಕಾಣುತ್ತಾನೆ.

ಇದನ್ನೆಲ್ಲ ಬೆಂಗಳೂರಿನ ಹಲಸೂರಿನಿಂದ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಹುಟ್ಟಿ ಬೆಳೆದದ್ದು ಹಲಸೂರು ಕೆರೆಯ ಬದಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರದಿಂದ ಕೂಗಳತೆಯ ದೂರದಲ್ಲಿ. ನಾವೆಲ್ಲ ಅದನ್ನು ಎಂಇಜಿ ಎನ್ನುತ್ತೇವೆ. ಬೆಳಗಿನ ಹೊತ್ತು ಅಲ್ಲಿಯ ಬ್ಯಾಂಡಿನ ಸದ್ದು ಕೇಳಿಕೊಂಡೇ ಶಾಲೆಗೆ ಹೋದವರು ನಾವು. ಆದರೆ ಸ್ಯಾಪರ್ ಎಂದರೆ ಏನು ಕೆಲಸ ಮಾಡುವವನೆಂದು ನನಗೆ ಸರಿಯಾಗಿ ತಿಳಿದದ್ದು, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಈ ಕಾದಂಬರಿಯನ್ನು ಓದಿದಾಗ. ಸೇತುವೆ ಕಟ್ಟುವುದು, ದಾರಿ ಮಾಡುವುದು, ಮಿಕ್ಕ ಸೈನಿಕರು ಕಾಲಿಡುವ ಮೊದಲು ನೆಲಬಾಂಬುಗಳನ್ನು ಹುಡುಕಿ ತೆಗೆಯುವುದು, ಇದು ಅವರ ಪಾಡು. ಕಿರ್ಪಾಲ್ ಸಿಂಗನಂಥ ಸಿಖ್ ಸ್ಯಾಪರ್ ಭಾರತೀಯ ಸೇನೆಯಲ್ಲಿದ್ದಿದ್ದರೆ ಬಹುಶಃ ರೂರ್ಕಿಯ ಬಂಗಾಳ ಸ್ಯಾಪರ್ಸ್‌ಗೋ ಖಡಕಿಯ ಬಾಂಬೆ ಸ್ಯಾಪರ್ಸ್‌ಗೋ ಸೇರುತ್ತಿದ್ದ. ನಮ್ಮ ಹಲಸೂರಿನ ಪಡೆಯೂ ಅದೇ ಇಟಲಿಯಲ್ಲಿ ಅದೇ ಕೆಲಸ ಮಾಡಿದೆ. ಆಗ ಅದರ ಹೆಸರು ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ಅದರ ಸುಬೇದಾರ್ ಸುಬ್ರಮಣಿಯನ್ ಅವರು 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಬಳಿ ನೆಲಬಾಂಬ್ ತೆಗೆಯುವ ತಂಡವನ್ನು ಮುನ್ನಡೆಸುತ್ತಿದ್ದಾಗ, ತಂಡದವರ ಕಾಲಡಿಯಲ್ಲಿ ಒಂದು ಬಾಂಬ್ ಚಾಲೂ ಆಯಿತು. ಸಿಡಿಯಲು ಇನ್ನೇನು ಕೆಲವು ಕ್ಷಣಗಳಿದ್ದವು. ಅವರು ಅದರ ಮೇಲೆ ತಮ್ಮ ಮೈಯನ್ನೇ ಒಡ್ಡಿ ಉಳಿದವರನ್ನು ಬದುಕಿಸಿದರು. ಅವರಿಗೆ ಮರಣಾನಂತರ ಸಂದದ್ದು ಲಾರ್ಡ್ ಸಫೋಕ್ ಅವರಿಗೆ ಸಂದ ಅದೇ ಜಾರ್ಜ್ ಕ್ರಾಸ್. ಕಾದಂಬರಿಯ ಗುರುವಿಗೂ ಹಲಸೂರಿನ ಸುಬೇದಾರರಿಗೂ ಒಂದೇ ಪದಕ.

ಕರ್ನಾಟಕದ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ನಾಯಕ್ ಯಶವಂತ ಘಾಡಗೆ 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ, ಸಿಪಾಯಿ ನಾಮದೇವ ಜಾಧವ್ 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದರು. ಘಾಡಗೆ ಅಲ್ಲೇ ಮಡಿದರು. ಇಟಲಿಯ ಮೊಂಟೊನೆ ಎಂಬ ಪುಟ್ಟ ಊರಿನವರು ಅವರ ನೆನಪಿಗೆ 2023ರಲ್ಲಿ ಒಂದು ಸೌರಗಡಿಯಾರವನ್ನು ನಿಲ್ಲಿಸಿದ್ದಾರೆ. ಇಟಲಿಯ ರಣರಂಗದಲ್ಲಿ ಸುಮಾರು 50,000 ಭಾರತೀಯ ಸೈನಿಕರು ಹೋರಾಡಿದರೆಂದೂ, 5,782 ಮಂದಿ ಸತ್ತರೆಂದೂ ಅಧಿಕೃತ ಲೆಕ್ಕ. ಅಲ್ಲಿಯ ಸಂಗ್ರೊ ನದಿಯ ಯುದ್ಧ ಸ್ಮಶಾನದಲ್ಲಿ, ತಮ್ಮ ಧರ್ಮದಂತೆ ದಹನಗೊಂಡ ಐನೂರಕ್ಕೂ ಹೆಚ್ಚು ಭಾರತೀಯರ ಹೆಸರುಗಳಿಗೆ ಪ್ರತ್ಯೇಕ ಸ್ಮಾರಕವೇ ಇದೆ. ಜಗತ್ತಿನ ಕೋಟ್ಯಂತರ ಪ್ರೇಕ್ಷಕರು ಎರಡನೆಯ ಮಹಾಯುದ್ಧದ ಇಟಲಿಯನ್ನು ತೆರೆಯ ಮೇಲೆ ನೋಡುವಾಗ ಇಷ್ಟು ಜನರ ಪ್ರತಿನಿಧಿಯಾಗಿ ಅವರಿಗೆ ಸಿಕ್ಕವನು ಪೇಟ ಸುತ್ತಿದ ಈ ಒಬ್ಬ ತರುಣ. ಅವನ ಬಾಯಿಂದ ಅವನ ಕೊನೆಯ ಪ್ರಶ್ನೆಯನ್ನು ಕಿತ್ತುಕೊಂಡದ್ದು ನನಗೆ ಚಿತ್ರಕಥೆಯ ಅನುಕೂಲದ ಸಣ್ಣ ಮಾತೆಂದು ಅನ್ನಿಸುವುದಿಲ್ಲ.

ಯಾಕೆ ಹೀಗೆ ಮಾಡಿದರೆಂಬುದಕ್ಕೆ ನನ್ನದು ಬರೀ ಊಹೆ. ಎರಡು ಗಂಟೆ ಕಾಲ ಸುಟ್ಟ ಮನುಷ್ಯನ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವನ ಪ್ರೇಮಕ್ಕೆ ಮರುಗಿದ ಪ್ರೇಕ್ಷಕನ ಮುಂದೆ, ಒಮ್ಮೆಗೇ ಒಬ್ಬ ಸಿಖ್ ಸೈನಿಕ ಬಂದೂಕು ಎತ್ತಿಕೊಂಡು ಬಂದು ಜಪಾನಿನ ಮಾತೆತ್ತಿದರೆ ಆ ಪ್ರೇಕ್ಷಕ ತನ್ನ ಕಣ್ಣೀರನ್ನು ಎಲ್ಲಿಡಬೇಕು? ಪ್ರೇಮವನ್ನು ಮರವಾಗಿಸಿದ ಮೇಲೆ ಈ ಕೊಂಬೆಯನ್ನು ಕಡಿಯದೆ ಬೇರೆ ದಾರಿಯಿರಲಿಲ್ಲ. ಯುದ್ಧವನ್ನು ಹಿನ್ನೆಲೆಯ ಪರದೆ ಮಾಡಿಕೊಂಡವರಿಗೆ ಹಿರೋಶಿಮಾ ಆ ಪರದೆಯನ್ನು ಹರಿಯುವ ಸಂಗತಿ.

ಕಾದಂಬರಿ ಚಿತ್ರವಾದಾಗ ಬದಲಾಗಲೇಬೇಕೆಂಬುದು ಕನ್ನಡದವರಾದ ನಮಗೆ ಹೊಸ ಪಾಠವೇನಲ್ಲ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ತೆಗೆದಾಗ, ಅವರು ನಾಗರಹಾವನ್ನು ಕೇರೆಹಾವು ಮಾಡಿದರೆಂದು ಮೂಲ ಲೇಖಕರು ಬೇಸರಪಟ್ಟರೆಂಬ ಮಾತು ಇಂದಿಗೂ ನಮ್ಮಲ್ಲಿ ಚಾಲ್ತಿಯಲ್ಲಿದೆ. ಆದರೂ ಆ ಚಿತ್ರವನ್ನು ನಾವು ಯಾರೂ ಬಿಟ್ಟುಕೊಟ್ಟಿಲ್ಲ. ಒಂಡಾಟ್ಜೆಯವರಂತೂ ಚಿತ್ರತಂಡದೊಡನೆ ಕೊನೆಯವರೆಗೂ ಸ್ನೇಹದಿಂದಿದ್ದವರು, ಸಂಕಲನಕಾರ ಮರ್ಚ್ ಅವರೊಡನೆ ನಡೆಸಿದ ಮಾತುಕತೆಗಳನ್ನು ಪುಸ್ತಕವಾಗಿಯೇ ತಂದವರು. ಲೇಖಕನಿಗಿಲ್ಲದ ತಕರಾರು ಓದುಗನಿಗೇಕೆ ಎಂದು ಯಾರಾದರೂ ಕೇಳಬಹುದು. ಬದಲಾಯಿಸುವ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಬದಲಾವಣೆಯೇ ಆಗಿಲ್ಲವೆಂದು ಹೇಳುವುದರ ಬಗ್ಗೆ ಇದೆ, ಅದೂ ಭಾರತದ ಪತ್ರಿಕೆಯೊಂದರಲ್ಲಿ. ಅಮೆರಿಕದ ವಿಮರ್ಶಕನಿಗೆ ಕಾಣದೇ ಹೋದದ್ದು ನಮಗೂ ಕಾಣದೇ ಹೋದರೆ ಹೇಗೆ? ಚಿತ್ರದ ಸೊಬಗನ್ನು ಹತ್ತು ಸಾಲುಗಳಲ್ಲಿ ಹೊಗಳಿದ ಲೇಖಕರು, ಪುಸ್ತಕದಲ್ಲಿ ಕೊನೆ ಬೇರೆಯಿದೆಯೆಂದು ಹನ್ನೊಂದನೆಯ ಸಾಲಿನಲ್ಲಿ ತಿಳಿಸಿದ್ದರೆ ನಾಲ್ಕು ಜನ ಓದುಗರಾದರೂ ಗ್ರಂಥಾಲಯಕ್ಕೆ ಹೋಗಿ ಅದನ್ನು ಹುಡುಕುತ್ತಿದ್ದರು.

ಕೊನೆಯದಾಗಿ ಒಂದು ಸಣ್ಣ ತಿದ್ದುಪಡಿ. ಲೇಖನದೊಡನೆ ಅಚ್ಚಾದ ಎರಡನೆಯ ಛಾಯಾಚಿತ್ರದ ಅಡಿಬರಹದಲ್ಲಿ 'ನರ್ಸ್ ಹಾನಾ ಪಾತ್ರದಲ್ಲಿ ಆಸ್ಕರ್ ವಿಜೇತೆ ಜೂಲಿಯೆಟ್ ಬಿನೋಶ್, ಜೊತೆಗೆ ಸಹನಟ' ಎಂದಷ್ಟೇ ಇದೆ. ಆ ಸಹನಟರ ಹೆಸರು ನವೀನ್ ಆಂಡ್ರ್ಯೂಸ್. ಪಾತ್ರದ ಹೆಸರು ಕಿರ್ಪಾಲ್ ಸಿಂಗ್. ಮುಂದಿನ ಪುರವಣಿಯಲ್ಲಿ ಇದನ್ನು ಸರಿಪಡಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಹಲಸೂರು, ಬೆಂಗಳೂರು